ರೇಸು ತಪ್ಪಿದ ರೇಸ್ ಕಾರು: ಫೆರಾರಿ ಎಫ್40

(ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಕಾರುಗಳ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಲೆಕ್ಕ ಮಾಡೋಣ. ಫೋನ್ ತೆಗೆದು 2,855 ಅನ್ನು 1.4ರಿಂದ ಗುಣಿಸಿ. ಎಷ್ಟು ಬಂತು? 3,997. ಈಗ 2,936 ಅನ್ನು ಅದೇ 1.4ರಿಂದ ಗುಣಿಸಿ. 4,110 ಚಿಲ್ಲರೆ. ಮೊದಲನೆಯದು ನಾಲ್ಕು ಸಾವಿರಕ್ಕೆ ಮೂರು ಕಮ್ಮಿ. ಎರಡನೆಯದು ನೂರಕ್ಕೂ ಜಾಸ್ತಿ ಮುಂದೆ. ಇವತ್ತು ನಾನು ಹೇಳುವ ಕಾರಿನ ಕಥೆ ಈ ಎರಡು ಲೆಕ್ಕಗಳ ನಡುವೆ ನಡೆಯುತ್ತದೆ.

1980ರ ದಶಕದ ಆರಂಭದಲ್ಲಿ ಕಾರ್ ರೇಸಿಗೆ 'ಗ್ರೂಪ್ ಬಿ' ಎಂಬ ಹೊಸ ವರ್ಗ ಬಂತು. ಅದರ ನಿಯಮ ಕಂಪನಿಗಳಿಗೆ ತುಂಬಾ ಇಷ್ಟವಾಯಿತು. 200 ಕಾರು ತಯಾರಿಸಿದರೆ ಸಾಕು, ಆ ಮಾದರಿಯನ್ನು ರೇಸಿಗೆ ಇಳಿಸಬಹುದು. ಕಾರುಗಳನ್ನು ಎಂಜಿನ್ ಗಾತ್ರದ ಪ್ರಕಾರ ವಿಂಗಡಿಸುತ್ತಿದ್ದರು. ಟರ್ಬೊ ಇರುವ ಎಂಜಿನ್ ತನ್ನ ಗಾತ್ರಕ್ಕಿಂತ ಜಾಸ್ತಿ ಶಕ್ತಿ ಕೊಡುತ್ತದೆ ಅಲ್ವಾ? ಅದಕ್ಕೆ ಟರ್ಬೊ ಎಂಜಿನ್ ಆದರೆ ಗಾತ್ರವನ್ನು 1.4ರಿಂದ ಗುಣಿಸಿ ಲೆಕ್ಕ ಹಿಡಿಯುತ್ತಿದ್ದರು. ನಾಲ್ಕು ಲೀಟರ್ ಮಿತಿಯೊಳಗೆ ಇರಬೇಕಾದರೆ ಎಂಜಿನ್ 2,857 ಸಿಸಿ ದಾಟುವಂತಿಲ್ಲ. ಫೆರಾರಿ 1984ರಲ್ಲಿ ತಂದ 288 ಜಿಟಿಒ ಕಾರಿನ ಎಂಜಿನ್ 2,855 ಸಿಸಿ. ಅದೇ ಹೊತ್ತಿನಲ್ಲಿ ಜರ್ಮನಿಯ ಪೋರ್ಷೆ ಕಂಪನಿ ಕಟ್ಟುತ್ತಿದ್ದ 959ರ ಎಂಜಿನ್ 2,849 ಸಿಸಿ. ಫೆರಾರಿಯದ್ದು ಎಂಟು ಸಿಲಿಂಡರಿನ ವಿ ಎಂಜಿನ್. ಪೋರ್ಷೆಯದ್ದು ಆರು ಸಿಲಿಂಡರುಗಳು ಎದುರುಬದುರು ಮಲಗಿರುವ ಎಂಜಿನ್. ವಿನ್ಯಾಸದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೂ ಗಾತ್ರದಲ್ಲಿ ಆರು ಸಿಸಿ ಮಾತ್ರ ವ್ಯತ್ಯಾಸ. ಒಂದೇ ನಿಯಮಪುಸ್ತಕ ಎರಡನ್ನೂ ಅಳೆದು ಕೊಟ್ಟಿತ್ತು.

ಫೆರಾರಿ 200ರ ಬದಲು 272 ಜಿಟಿಒ ಕಟ್ಟಿತು. ಆಮೇಲೆ ಅದರ ರೇಸ್ ರೂಪಕ್ಕೆ ಕೈಹಾಕಿತು. ಅದರ ಹೆಸರು 288 ಜಿಟಿಒ ಎವೊಲುಜಿಯೋನೆ. ಸುಮಾರು 650 ಅಶ್ವಶಕ್ತಿ, ನೂಲು ಮತ್ತು ಅಂಟು ಸೇರಿಸಿ ಮಾಡಿದ ಹಗುರವಾದ ಕಾಂಪೊಸಿಟ್ ಮೈ, ದೊಡ್ಡ ಹಿಂಬದಿ ರೆಕ್ಕೆ. ಅಂಥ ಕಾರು ಬೆರಳೆಣಿಕೆಯಷ್ಟು ತಯಾರಾದವು. ಅಷ್ಟರಲ್ಲಿ 1986 ಬಂತು.

ಆ ವರ್ಷ ಮಾರ್ಚ್ ತಿಂಗಳಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ಗ್ರೂಪ್ ಬಿ ಕಾರೊಂದು ಜನರ ಗುಂಪಿಗೆ ನುಗ್ಗಿತು, ಪ್ರೇಕ್ಷಕರು ಸತ್ತರು. ಮೇ ತಿಂಗಳಲ್ಲಿ ಕಾರ್ಸಿಕಾ ದ್ವೀಪದ ರ‍್ಯಾಲಿಯಲ್ಲಿ ಫಿನ್ಲೆಂಡಿನ ಹೆನ್ರಿ ಟೊಯ್ವೊನೆನ್ ಮತ್ತು ಅವರ ಜೊತೆಗಾರ ಸೆರ್ಜಿಯೊ ಕ್ರೆಸ್ಟೊ ಬೆಂಕಿಗೆ ಬಲಿಯಾದರು. ಕಾರುಗಳ ಶಕ್ತಿ ರಸ್ತೆಗಳನ್ನೂ ಮನುಷ್ಯರನ್ನೂ ಮೀರಿ ಹೋಗಿತ್ತು. ಮುಂದಿನ ವರ್ಷದಿಂದ ಗ್ರೂಪ್ ಬಿ ಇಲ್ಲ ಎಂದು ಪ್ರಕಟಣೆ ಬಂತು. ಆ ತೀರ್ಮಾನ ಸರಿಯಾಗಿಯೇ ಇತ್ತು. ಆದರೆ ಫೆರಾರಿಯ ಊರಾದ ಮರನೆಲ್ಲೊದಲ್ಲಿ ಒಂದು ರೇಸ್ ಕಾರು ತಯಾರಾಗಿ ನಿಂತಿತ್ತು, ಅದು ಓಡಬೇಕಾದ ರೇಸೇ ಇಲ್ಲವಾಗಿತ್ತು.

ಈಗ ಇಬ್ಬರನ್ನು ಪರಿಚಯ ಮಾಡಿಕೊಡಬೇಕು.

ಒಬ್ಬರು ನಿಕೋಲಾ ಮತೆರಾತ್ಸಿ. ದಕ್ಷಿಣ ಇಟಲಿಯವರು. ಲಾನ್ಚಿಯಾ ಕಂಪನಿಯಲ್ಲಿ ಸ್ಟ್ರಾಟೋಸ್ ಕಾರಿನ ಕೆಲಸ ಮಾಡಿ ಫೆರಾರಿಗೆ ಬಂದವರು. ಫೆರಾರಿ ಫಾರ್ಮುಲಾ ಒನ್‌ನಲ್ಲಿ ಟರ್ಬೊ ಎಂಜಿನ್‌ಗೆ ಹೊರಳುತ್ತಿದ್ದ ಕಾಲ ಅದು. ಟರ್ಬೊ ಬಗ್ಗೆ ಆ ಕಂಪನಿಯಲ್ಲಿ ಅವರಷ್ಟು ತಿಳಿದವರು ಕಡಿಮೆ. 288 ಜಿಟಿಒ, ಎವೊಲುಜಿಯೋನೆ, ಎಫ್40 ಮೂರರ ಹಿಂದೆಯೂ ಅವರ ಕೈ ಇದೆ. 2022ರಲ್ಲಿ ತೀರಿಕೊಂಡರು. ಕಾರಿನ ಹೆಸರು ಗೊತ್ತಿರುವ ಲಕ್ಷಾಂತರ ಜನರಿಗೆ ಈ ಮನುಷ್ಯನ ಹೆಸರು ಗೊತ್ತಿಲ್ಲ ಎಂಬುದು ನನಗೆ ಬೇಸರದ ವಿಷಯ. ಮನೆಗೆ ಹೋದ ಮೇಲೆ ಇನ್ನೇನು ಮರೆತರೂ ಪರವಾಗಿಲ್ಲ, ಈ ಹೆಸರು ನೆನಪಿಟ್ಟುಕೊಳ್ಳಿ.

ಇನ್ನೊಬ್ಬರು ಎನ್ಸೊ ಫೆರಾರಿ. 1898ರಲ್ಲಿ ಹುಟ್ಟಿದವರು. ಆಗ ಅವರಿಗೆ 88 ವರ್ಷ. ಕಂಪನಿಯ ಅರ್ಧ ಪಾಲು 1969ರಲ್ಲೇ ಫಿಯಟ್ ಕೈಗೆ ಹೋಗಿತ್ತು. ಅವರ ಮೊದಲ ಸ್ವಂತ ಹೆಸರಿನ ಕಾರು, 125 ಎಸ್, ಬಂದದ್ದು 1947ರಲ್ಲಿ. 1987ಕ್ಕೆ ಅದಕ್ಕೆ 40 ವರ್ಷ. ಇನ್ನೊಂದು ಹಬ್ಬಕ್ಕೆ ತಾನಿರುತ್ತೇನೋ ಇಲ್ಲವೋ ಎಂಬುದು ಅವರಿಗೂ ಗೊತ್ತಿತ್ತು. ಪಿನಿನ್‌ಫರಿನಾ ವಿನ್ಯಾಸ ಸಂಸ್ಥೆಯ ಲಿಯೊನಾರ್ಡೊ ಫಿಯೊರವಂತಿ ಎವೊಲುಜಿಯೋನೆ ಓಡಿಸಿ ಬಂದು ಅದನ್ನು ಮನಸಾರೆ ಮೆಚ್ಚಿದ್ದರು. ಹಾಗಾದರೆ ಅದನ್ನೇ ರಸ್ತೆಗೆ ತರೋಣ ಎಂದು ಎನ್ಸೊ ತೀರ್ಮಾನಿಸಿದರು. ಕೈಯಲ್ಲಿದ್ದ ಸಮಯ ಹೆಚ್ಚುಕಡಿಮೆ ಒಂದು ವರ್ಷ.

ಒಂದು ಹೊಸ ಕಾರಿಗೆ ಒಂದು ವರ್ಷ ಅಂದರೆ ಏನೇನೂ ಸಾಲದು. ಸಾಲಿದ್ದು ಯಾಕೆ ಅಂದರೆ, ಅರ್ಧ ಕೆಲಸ ಆಗಲೇ ರೇಸಿಗಾಗಿ ಆಗಿ ಹೋಗಿತ್ತು. ಅವಸರದಿಂದ ಒಂದು ಒಳ್ಳೆಯದೂ ಆಯಿತು. ಸಭೆಗಳ ಮೇಲೆ ಸಭೆ ಕೂತು ಕಾರನ್ನು ಮೆತ್ತಗೆ ಮಾಡಲು ಯಾರಿಗೂ ಪುರುಸೊತ್ತು ಇರಲಿಲ್ಲ.

ಇಲ್ಲಿ ನಮ್ಮ ಎರಡನೇ ಲೆಕ್ಕ ಬರುತ್ತದೆ. ಮತೆರಾತ್ಸಿಯವರ ತಂಡ ಜಿಟಿಒ ಎಂಜಿನಿನ ಸಿಲಿಂಡರ್ ವ್ಯಾಸವನ್ನು 80 ಮಿ.ಮೀ.ನಿಂದ 82ಕ್ಕೆ ಏರಿಸಿತು. ಪಿಸ್ಟನ್ ಓಡಾಟವನ್ನು 71ರಿಂದ 69.5ಕ್ಕೆ ಇಳಿಸಿತು. ಎಂಜಿನ್ 2,936 ಸಿಸಿ ಆಯಿತು. 1.4ರಿಂದ ಗುಣಿಸಿದರೆ 4,110. ನಾಲ್ಕು ಲೀಟರಿನ ಗೆರೆ ದಾಟಿತು. ದಾಟಿದರೆ ದಾಟಲಿ, ಕೇಳುವವರು ಯಾರೂ ಇರಲಿಲ್ಲ. ಈ 81 ಸಿಸಿ ವ್ಯತ್ಯಾಸ ಕಂಡಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ. ನಿಯಮ ಸತ್ತ ಮೇಲೆ ಎಂಜಿನಿಯರುಗಳು ಮೊದಲ ಬಾರಿಗೆ ತಮಗೆ ಬೇಕಾದ ಅಳತೆ ಬರೆದರು. ವ್ಯಾಸ ಹೆಚ್ಚು, ಓಡಾಟ ಕಡಿಮೆ ಅಂದರೆ ಪಿಸ್ಟನ್ ಹತ್ತಿ ಇಳಿಯುವ ದೂರ ಕಡಿಮೆ, ಕವಾಟಗಳಿಗೆ ಜಾಗ ಜಾಸ್ತಿ. ಮೇಲಿನ ವೇಗದಲ್ಲಿ ಉಸಿರಾಡಲು ಬಯಸುವ ಎಂಜಿನಿನ ಲಕ್ಷಣ ಇದು.

ಈಗ ಟರ್ಬೊ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಈ ಕಾರಿನ ಸ್ವಭಾವ ಇರುವುದೇ ಇಲ್ಲಿ.

ಎಂಜಿನ್ ಅಂದರೆ ಗಾಳಿ ಮತ್ತು ಪೆಟ್ರೋಲ್ ಉರಿಸುವ ಯಂತ್ರ. ಪೆಟ್ರೋಲನ್ನು ಎಷ್ಟು ಬೇಕಾದರೂ ಒಳಗೆ ಸುರಿಯಬಹುದು, ಗಾಳಿಯನ್ನು ಒಳಗೆ ತುಂಬುವುದೇ ಕಷ್ಟ. ಸಾಧಾರಣ ಎಂಜಿನ್ ಪಿಸ್ಟನ್ ಕೆಳಗಿಳಿದಾಗ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟಕ್ಕೇ ತೃಪ್ತಿ ಪಡಬೇಕು. ಟರ್ಬೊ ಏನು ಮಾಡುತ್ತದೆ? ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರ ಇಡುತ್ತದೆ. ಹೊಗೆಯ ರಭಸಕ್ಕೆ ಅದು ತಿರುಗುತ್ತದೆ. ಅದೇ ಕಂಬಿಯ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುತ್ತದೆ. ಎಫ್40ಯಲ್ಲಿ ಜಪಾನಿನ ಐಎಚ್‌ಐ ಕಂಪನಿಯ ಎರಡು ಟರ್ಬೊಗಳಿವೆ, ಎಂಜಿನಿನ ಒಂದೊಂದು ಸಿಲಿಂಡರ್ ಸಾಲಿಗೆ ಒಂದೊಂದು. ವಾತಾವರಣದ ಒತ್ತಡದ ಮೇಲೆ ಇನ್ನೂ 1.1 ಬಾರ್ ಒತ್ತಡ. ಅಂದರೆ ಸಿಲಿಂಡರಿಗೆ ಹೋಗುವ ಗಾಳಿಯ ಒತ್ತಡ ಎರಡು ಪಟ್ಟಿಗೂ ಮೀರಿ.

ಗಾಳಿ ಒತ್ತಿದರೆ ಬಿಸಿಯಾಗುತ್ತದೆ. ಬಿಸಿ ಗಾಳಿ ಹಿಗ್ಗುತ್ತದೆ, ಒತ್ತಿದ್ದರ ಲಾಭ ಅಲ್ಲೇ ಸೋರಿಹೋಗುತ್ತದೆ. ಜೊತೆಗೆ ಪೆಟ್ರೋಲ್ ತನ್ನಷ್ಟಕ್ಕೆ ಮುಂಚಿತವಾಗಿ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯ. ಅದಕ್ಕೇ ಎರಡು ಇಂಟರ್‌ಕೂಲರ್ ಇಟ್ಟು ಗಾಳಿಯನ್ನು ತಣ್ಣಗೆ ಮಾಡಿ ಕಳಿಸುತ್ತಾರೆ. ಎಂಜಿನಿನ ಸಂಪೀಡನ ಅನುಪಾತವನ್ನು, ಅಂದರೆ ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬ ಅಳತೆಯನ್ನು, 7.7ಕ್ಕೆ ಇಳಿಸಿದ್ದಾರೆ. ನೀವು ಮನೆಯಲ್ಲಿ ಓಡಿಸುವ ಸಾಧಾರಣ ಪೆಟ್ರೋಲ್ ಕಾರಿನದ್ದು ಹತ್ತರ ಆಚೀಚೆ ಇರುತ್ತದೆ. 7.7 ಅಂದರೆ, ಟರ್ಬೊ ಕೆಲಸ ಮಾಡದೇ ಇರುವಾಗ ಈ ಎಂಜಿನ್ ತನ್ನ ಗಾತ್ರದ ಸಾಧಾರಣ ಎಂಜಿನಿಗಿಂತ ಮಂದ.

ಈ ಮಂದತನದಿಂದಲೇ ಎಫ್40ಯ ಹೆಸರುವಾಸಿ ಗುಣ ಹುಟ್ಟಿತು. ಮೂರು ಸಾವಿರ ಆರ್‌ಪಿಎಂ ಕೆಳಗೆ ಆಕ್ಸಿಲರೇಟರ್ ತುಳಿದರೆ ಏನೂ ಆಗುವುದಿಲ್ಲ. ಹೊಗೆಯ ರಭಸ ಚಕ್ರ ತಿರುಗಿಸಲು ಸಾಲುವುದಿಲ್ಲ. ಹಳ್ಳಿಯ ಬೋರ್‌ವೆಲ್ ಕೈಪಂಪು ಒತ್ತಿದವರಿಗೆ ಗೊತ್ತು: ಮೊದಲ ಹತ್ತು ಸಲ ಒತ್ತಿದರೂ ಬರೀ ಕರ್ರ್ ಎನ್ನುವ ಸದ್ದು, ಆಮೇಲೆ ಒಮ್ಮೆಗೇ ಬಕೆಟ್ ತುಂಬುವಷ್ಟು ನೀರು. ಇಲ್ಲೂ ಹಾಗೇ. ನಾಲ್ಕು ಸಾವಿರ ಆರ್‌ಪಿಎಂ ಹೊತ್ತಿಗೆ 577 ನ್ಯೂಟನ್ ಮೀಟರ್ ತಿರುಚು ಬಲ ಒಮ್ಮೆಗೇ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಏಳು ಸಾವಿರದಲ್ಲಿ 478 ಅಶ್ವಶಕ್ತಿ. ಲೀಟರಿಗೆ 160ಕ್ಕೂ ಹೆಚ್ಚು. 1987ರಲ್ಲಿ, ರಸ್ತೆಯಲ್ಲಿ ಓಡುವ ಕಾರಿನಲ್ಲಿ!

ಆ ಕಾಯುವಿಕೆಗೆ ಟರ್ಬೊ ಲ್ಯಾಗ್ ಅನ್ನುತ್ತಾರೆ. ಎಂಜಿನಿಯರ್ ದೃಷ್ಟಿಯಲ್ಲಿ ಅದು ದೋಷ. ಪೋರ್ಷೆಯವರು 959ರಲ್ಲಿ ಅದನ್ನು ತುಂಬಾ ಜಾಣತನದಿಂದ ಬಗೆಹರಿಸಿದ್ದರು. ಕಡಿಮೆ ವೇಗದಲ್ಲಿ ಒಂದೇ ಟರ್ಬೊ ಕೆಲಸ ಮಾಡುತ್ತದೆ, ಆಮೇಲೆ ಎರಡನೆಯದು ಸೇರಿಕೊಳ್ಳುತ್ತದೆ. ಎಫ್40ಯಲ್ಲಿ ಅಂಥದ್ದೇನೂ ಇಲ್ಲ. ಚಾಲಕ ಮುಂದಿನ ತಿರುವು ನೋಡಿ, ಶಕ್ತಿ ಯಾವಾಗ ಬರಬೇಕು ಎಂದು ಮೊದಲೇ ಅಂದಾಜು ಮಾಡಿ, ತಿರುವಿನ ನಡುವೆಯೇ ಆಕ್ಸಿಲರೇಟರ್ ತುಳಿಯಲು ಶುರು ಮಾಡಬೇಕು. ತಡವಾದರೆ ಕಾರು ಸೋಮಾರಿ. ಬೇಗ ಆದರೆ ಹಿಂದಿನ ಚಕ್ರ ಜಾರುತ್ತದೆ. ಸರಿಯಾಗಿ ಹೊಂದಿಸಿದವರಿಗೆ ಸಿಗುವ ಸಂತೋಷವೇ ಬೇರೆ ಎಂದು ಓಡಿಸಿದವರು ಒಂದೇ ದನಿಯಲ್ಲಿ ಹೇಳುತ್ತಾರೆ. ಒಂದು ಕಸುಬು ಕಲಿತ ಸಂತೋಷ ಅದು.

ಹಿಂದಿನಿಂದ ನೋಡಿದರೆ ಎಫ್40ಗೆ ನಡುವೆ ಮೂರು ಕೊಳವೆ ಕಾಣುತ್ತವೆ. ತುಂಬಾ ಜನ ಅದು ಅಂದಕ್ಕೆ ಅಂದುಕೊಂಡಿದ್ದಾರೆ. ಅಂದಕ್ಕಲ್ಲ. ಆಚೀಚೆಯ ಎರಡು ಕೊಳವೆ ಎಂಜಿನಿನ ಎರಡು ಸಾಲಿನ ಹೊಗೆಗೆ. ನಡುವಿನದು ವೇಸ್ಟ್‌ಗೇಟ್‌ದು. ಟರ್ಬೊ ಒತ್ತಡ ಮಿತಿ ದಾಟಿದಾಗ ಹೆಚ್ಚುವರಿ ಹೊಗೆಯನ್ನು ಹೊರಗೆ ಬಿಡುವ ದಾರಿ ಅದು. ಬೂಸ್ಟ್, ಅಂದರೆ ಟರ್ಬೊ ಒತ್ತಡ, ತುಂಬಿದಾಗ ಮಾತ್ರ ಅದಕ್ಕೆ ಬಾಯಿ ಬರುತ್ತದೆ.

ಈ ಕಾರಿನಲ್ಲಿ ನೀವು ಯಾವ ಮೂಲೆಗೆ ಬೆರಳು ಇಟ್ಟು 'ಇದು ಯಾಕೆ' ಎಂದು ಕೇಳಿದರೂ ಒಂದು ಉತ್ತರ ಇದೆ. ಹಿಂದಿನ ಕಿಟಕಿ ಗಾಜಿನದ್ದಲ್ಲ, ಪಾರದರ್ಶಕ ಪ್ಲಾಸ್ಟಿಕ್. ಹಗುರ ಎಂಬ ಕಾರಣಕ್ಕೆ. ಅದರಲ್ಲಿ ಅಡ್ಡಡ್ಡ ಸೀಳುಗಳಿವೆ. ಕೆಳಗೆ ಕುದಿಯುತ್ತಿರುವ ಟರ್ಬೊಗಳ ಶಾಖ ಹೊರಹೋಗಲಿ ಎಂಬ ಕಾರಣಕ್ಕೆ. ಮೈಮೇಲಿನ ತ್ರಿಕೋನದಂಥ ಗುಳಿಗಳು ಗಾಳಿಯ ಹರಿವನ್ನು ಕೆಡಿಸದೆ ಒಳಗೆ ಗಾಳಿ ಎಳೆದುಕೊಳ್ಳುತ್ತವೆ. ಹಿಂದಿನ ರೆಕ್ಕೆ 300 ಕಿ.ಮೀ. ವೇಗದಲ್ಲಿ ಬಾಲ ಮೇಲೇಳದಂತೆ ಒತ್ತಿ ಹಿಡಿಯುತ್ತದೆ. ಪಿನಿನ್‌ಫರಿನಾದಲ್ಲಿ ಫಿಯೊರವಂತಿ ಮುಂದಾಳತ್ವದಲ್ಲಿ ಪಿಯೆತ್ರೊ ಕಮರ್ದೆಲ್ಲಾ ಈ ರೂಪ ಬರೆದರು. ಗಾಳಿ ಸುರಂಗದಲ್ಲಿ ತಿದ್ದಿದರು. ಈ ರೇಖೆಗಳು ಸುಂದರ ಎಂದು ನಾನು ಖಂಡಿತ ಹೇಳುತ್ತೇನೆ. ಆದರೆ ಸೌಂದರ್ಯ ಕೊನೆಗೆ ಬಂದು ಸೇರಿಕೊಂಡಿತು, ಅದಕ್ಕೆ ಮೊದಲು ಗಾಳಿ ಮತ್ತು ಶಾಖ ತಮ್ಮ ಪಾಲು ಕೇಳಿ ಪಡೆದಿದ್ದವು.

ಮೈಕಟ್ಟಿನ ವಿಷಯಕ್ಕೆ ಬರೋಣ. ಒಳಗಿನ ಎಲುಬು ಉಕ್ಕಿನ ಕೊಳವೆಗಳದ್ದು. ಇದು ಫೆರಾರಿಯ ಹಳೇ ಪದ್ಧತಿ. ಹೊಸದು ಏನೆಂದರೆ ಕಾರ್ಬನ್ ಫೈಬರ್ ಮತ್ತು ಕೆವ್ಲಾರ್ ಹಲಗೆಗಳನ್ನು ಆ ಕೊಳವೆಗಳಿಗೆ ಅಂಟಿಸಿದ್ದು. ನೆಲ, ಡ್ಯಾಶ್‌ಬೋರ್ಡ್, ಎಂಜಿನಿಗೂ ನಮಗೂ ನಡುವಿನ ಗೋಡೆ, ಎಲ್ಲವೂ ಭಾರ ಹೊರುವ ಅಂಗಗಳೇ ಆದವು. ಬರೀ ಲೋಹದಲ್ಲಿ ಕಟ್ಟಿದ್ದಕ್ಕಿಂತ ಮೂರು ಪಟ್ಟು ಬಿಗಿ, ಐದನೇ ಒಂದು ಭಾಗ ಹಗುರ ಎಂದು ಫೆರಾರಿ ಹೇಳಿಕೊಂಡಿತು. ಬೆಂಗಳೂರಿನವರಿಗೆ ಈ ಸಾಮಗ್ರಿ ಅಪರಿಚಿತವೇನಲ್ಲ. ತೇಜಸ್ ಯುದ್ಧವಿಮಾನದ ಮೈಯಲ್ಲಿ ಕಾರ್ಬನ್ ಕಾಂಪೊಸಿಟ್ ಪಾಲು ದೊಡ್ಡದು, ಅದರಲ್ಲಿ ಬಹಳಷ್ಟು ಕೆಲಸ ನಮ್ಮ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲೇ ನಡೆದಿದೆ. ಈ ಸಭೆಯಲ್ಲೂ ಆ ಕೆಲಸ ಬಲ್ಲವರು ಇರಬಹುದು. ನೂಲಿನ ದಿಕ್ಕು ಸ್ವಲ್ಪ ತಪ್ಪಿದರೂ, ಅಂಟಿನೊಳಗೆ ಗಾಳಿಗುಳ್ಳೆ ಉಳಿದರೂ ಪೂರ್ತಿ ಹಲಗೆ ಕಸ ಎಂಬುದು ಅವರಿಗೆ ಗೊತ್ತು. 1987ರಲ್ಲಿ ಒಂದು ಕಾರು ಕಂಪನಿ ನೂರಾರು ಕಾರಿಗೆ ಈ ಕೆಲಸ ಮಾಡಲು ಹೊರಟದ್ದು ಸಣ್ಣ ಧೈರ್ಯವಲ್ಲ.

ಹಗುರ ಮಾಡುವ ಹಟ ಬಣ್ಣದವರೆಗೂ ಹೋಯಿತು. ಎಫ್40ಯ ಕೆಂಪು ಬಣ್ಣ ಎಷ್ಟು ತೆಳು ಅಂದರೆ, ಬಿಸಿಲಿನಲ್ಲಿ ಬಾಗಿ ನೋಡಿದರೆ ಕೆಳಗಿನ ಕಾರ್ಬನ್ ನೇಯ್ಗೆ ಕಾಣುತ್ತದೆ. ಇವತ್ತು ಹಳೇ ಎಫ್40 ಕೊಳ್ಳುವವರು ಮೊದಲು ಹುಡುಕುವುದು ಆ ನೇಯ್ಗೆಯನ್ನೇ. ಬಣ್ಣ ನುಣುಪಾಗಿ, ದಪ್ಪವಾಗಿ ಹೊಳೆಯುತ್ತಿದ್ದರೆ ಯಾರೋ ಮತ್ತೆ ಬಣ್ಣ ಹೊಡೆದಿದ್ದಾರೆ ಎಂದು ಅನುಮಾನ ಪಡುತ್ತಾರೆ. ಬೇರೆ ಕಾರಿನಲ್ಲಿ ಕೊರತೆ ಎನಿಸುವುದು ಇಲ್ಲಿ ಅಸಲಿತನದ ಗುರುತು.

ಬಾಗಿಲು ತೆಗೆಯಿರಿ. ಒಳಗಿನ ಹಿಡಿಕೆ ಇಲ್ಲ, ಎಳೆಯಲು ಒಂದು ದಾರ ಇದೆ. ನೆಲಕ್ಕೆ ಹಾಸಿಲ್ಲ. ರೇಡಿಯೊ ಇಲ್ಲ. ಮೊದಲ ಕಾರುಗಳಲ್ಲಿ ಬಾಗಿಲಿನ ಕಿಟಕಿಯೂ ಪ್ಲಾಸ್ಟಿಕ್ಕೇ, ಸರಿಸುವ ಒಂದು ಪುಟ್ಟ ತುಂಡು ಮಾತ್ರ. ಅಂಚುಗಳಲ್ಲಿ ಹಲಗೆ ಕೂಡಿಸಿದ ಹಸಿರು ಅಂಟು ಹಾಗೇ ಕಣ್ಣಿಗೆ ಕಾಣುತ್ತದೆ. ಪೆಡಲುಗಳಲ್ಲಿ ತೂತು ಕೊರೆದಿದ್ದಾರೆ. ಸೀಟು ಮೂರು ಅಳತೆಯಲ್ಲಿ ಸಿಗುತ್ತಿತ್ತು, ಬೆಂಕಿ ತಡೆಯುವ ಕೆಂಪು ಬಟ್ಟೆ ಹೊದಿಸಿದ್ದು. ಡ್ಯಾಶ್‌ಬೋರ್ಡ್ ಮೇಲೆ ಬೂದು ಬಟ್ಟೆ, ಮುಂದಿನ ಗಾಜಿನಲ್ಲಿ ಪ್ರತಿಬಿಂಬ ಬೀಳಬಾರದು ಅಂತ. ಎಸಿ ಮಾತ್ರ ಇಟ್ಟರು. ಇಡದೇ ಹೋಗಿದ್ದರೆ ಬೆನ್ನ ಹಿಂದೆ ಎರಡು ಟರ್ಬೊ ಇಟ್ಟುಕೊಂಡು ಒಳಗೆ ಕೂರಲು ಆಗುತ್ತಲೇ ಇರಲಿಲ್ಲ. ಪವರ್ ಸ್ಟೀರಿಂಗ್ ಇಲ್ಲ, ಬ್ರೇಕಿಗೆ ಸಹಾಯ ಇಲ್ಲ, ಎಬಿಎಸ್ ಇಲ್ಲ. ಐದು ಗೇರ್, ಲೋಹದ ತಟ್ಟೆಯಲ್ಲಿ ಕೊರೆದ ದಾರಿಯಲ್ಲಿ ಓಡುವ ಗೇರ್ ಕೋಲು. ದ್ರವಗಳಿಲ್ಲದ ತೂಕ 1,100 ಕೆ.ಜಿ. ಎಂದು ಘೋಷಣೆ. ಒಂದು ಅಶ್ವಶಕ್ತಿಯ ಪಾಲಿಗೆ ಎರಡು ಕಾಲು ಕೆ.ಜಿ. ಚಿಲ್ಲರೆ.

959ನ್ನು ಪಕ್ಕದಲ್ಲಿ ನಿಲ್ಲಿಸಿದರೆ ಎರಡು ದಾರಿ ಸ್ಪಷ್ಟವಾಗಿ ಕಾಣುತ್ತದೆ. ಒಂದೇ ನಿಯಮ ಹೆತ್ತ ಅಣ್ಣತಮ್ಮಂದಿರು ಇವು. ಪೋರ್ಷೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟಿತು. ಅದನ್ನು ಹಂಚಲು ಕಂಪ್ಯೂಟರ್, ಎತ್ತರ ಬದಲಿಸುವ ಸಸ್ಪೆನ್ಷನ್, ಎಬಿಎಸ್, ಟೈರಿನ ಗಾಳಿ ಕಮ್ಮಿಯಾದರೆ ಎಚ್ಚರಿಸುವ ವ್ಯವಸ್ಥೆ ಎಲ್ಲ ಇಟ್ಟಿತು. 450 ಅಶ್ವಶಕ್ತಿ, ಸುಮಾರು 1,450 ಕೆ.ಜಿ., ಗಂಟೆಗೆ 317 ಕಿ.ಮೀ. 1986ರ ಪ್ಯಾರಿಸ್–ಡಾಕರ್ ಮರುಭೂಮಿ ರೇಸನ್ನೂ ಗೆದ್ದಿತು. ಎಂಜಿನಿಯರಿಂಗ್ ದೃಷ್ಟಿಯಲ್ಲಿ 959 ಮುಂದಿನ 30 ವರ್ಷದ ಕಾರು, ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಇವತ್ತಿನ ಪ್ರತಿ ವೇಗದ ಕಾರೂ 959ರ ಮೊಮ್ಮಗ. ಎಫ್40ಗೆ ಅಂಥ ಮೊಮ್ಮಕ್ಕಳು ಕಡಿಮೆ. ಅದು ಒಂದು ಸಾಲಿನ ಕೊನೆಯ ಕಾರು. ಎಫ್40 ಗಂಟೆಗೆ 324 ಕಿ.ಮೀ. ಎಂದು ಫೆರಾರಿ ಪ್ರಕಟಿಸಿತು. ಗಂಟೆಗೆ 200 ಮೈಲಿಯ (ಸುಮಾರು 322 ಕಿ.ಮೀ.) ಗೆರೆ ದಾಟಿದ ಸುದ್ದಿ ಲೋಕವೆಲ್ಲ ಓಡಿತು.

1987ರ ಜುಲೈ 21ರಂದು ಮರನೆಲ್ಲೊದಲ್ಲಿ ಕಾರಿನ ಮೇಲಿನ ಬಟ್ಟೆ ಸರಿಸಿದರು. ಎನ್ಸೊಗೆ 89 ವರ್ಷ. ಅವರ ಕಣ್ಣ ಮುಂದೆ ಅನಾವರಣವಾದ ಕೊನೆಯ ಹೊಸ ಫೆರಾರಿ ಅದು. 1988ರ ಆಗಸ್ಟ್ 14ರಂದು ಅವರು ತೀರಿಕೊಂಡರು.

ಈಗ ಈ ಮಾತಿನ ಮುಖ್ಯ ವಿಷಯ. ಸೀಮಿತ ಸಂಖ್ಯೆಯ ಕಾರು ಅಂದಾಗ ಎಲ್ಲರೂ ಹೇಳುವುದು ಒಂದೇ: ಕಡಿಮೆ ಇದೆ, ಅದಕ್ಕೇ ಬೆಲೆ, ಅದಕ್ಕೇ ಆಸೆ. ಎಫ್40 ಈ ವಾದವನ್ನು ಸುಳ್ಳು ಮಾಡುತ್ತದೆ. ಮೊದಲು ಯೋಚಿಸಿದ್ದು 400 ಕಾರು. ಬೇಡಿಕೆ ನಿಲ್ಲಲಿಲ್ಲ. ಕಟ್ಟುತ್ತಾ ಹೋದರು. 1992ರಲ್ಲಿ ನಿಲ್ಲಿಸುವಾಗ ಸಂಖ್ಯೆ 1,300 ದಾಟಿತ್ತು. ಅದರ ಅಣ್ಣ 288 ಜಿಟಿಒ 272. ಅದರ ನಂತರ ಬಂದ ಎಫ್50, 349. ಮಾರುಕಟ್ಟೆ ಕೇಳುವುದಕ್ಕಿಂತ ಒಂದು ಕಮ್ಮಿ ಕಟ್ಟುತ್ತೇವೆ ಎಂದೇ ಆಗ ಫೆರಾರಿ ಹೇಳಿತ್ತು. 2002ರ ಎನ್ಸೊ ಎಂಬ ಕಾರು 399, ಆಮೇಲೆ 400ನೆಯದನ್ನು ಪೋಪ್ ಎರಡನೇ ಜಾನ್ ಪಾಲ್ ಅವರಿಗೆ ಕೊಟ್ಟರು, ಅದರ ಹರಾಜಿನ ಹಣ ಸುನಾಮಿ ಸಂತ್ರಸ್ತರಿಗೆ ಹೋಯಿತು. ಈ ಮನೆತನದಲ್ಲಿ ಎಫ್40ಯೇ ಎಲ್ಲಕ್ಕಿಂತ ಜಾಸ್ತಿ ಸಂಖ್ಯೆಯದ್ದು. ಜನರ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೇಲೆ ಕೂತಿರುವುದೂ ಅದೇ. ಎಫ್50ಗೆ 1990ರ ಫಾರ್ಮುಲಾ ಒನ್ ಎಂಜಿನಿನಿಂದ ಬಂದ ವಿ12 ಇತ್ತು, ಪೂರ್ತಿ ಕಾರ್ಬನ್ ಚೌಕಟ್ಟು ಇತ್ತು, ಹೆಚ್ಚುಕಡಿಮೆ ನಾಲ್ಕು ಪಟ್ಟು ಅಪರೂಪ. ಆದರೂ ವರ್ಷಗಳ ಕಾಲ ಅದು ಎಫ್40ಯ ನೆರಳಿನಲ್ಲೇ ಇತ್ತು.

ಯಾಕೆ? ನನ್ನ ನಂಬಿಕೆ ಇಷ್ಟು. ಅಪರೂಪವನ್ನು ಕಂಪನಿ ತೀರ್ಮಾನ ಮಾಡಬಹುದು. ಕಾರಣವನ್ನು ಹಾಗೆ ತೀರ್ಮಾನ ಮಾಡಲು ಆಗದು. ಎಫ್40ಯ ಪ್ರತಿ ತೂತಿಗೂ ಪ್ರತಿ ಕೊರತೆಗೂ ಹೊರಗಿನ ಒಂದು ಕಾರಣ ಇತ್ತು. ಆ ಕಾರಣ ಒಂದು ರೇಸು. ಹೀಗೆ ಮಾಡಿದರೆ ಗಿರಾಕಿ ಮೆಚ್ಚುತ್ತಾನೆ ಎಂದು ಯಾರೂ ದಾರದ ಹಿಡಿಕೆ ಹಾಕಲಿಲ್ಲ, ಹಿಡಿಕೆಯ ತೂಕ ಉಳಿಸಲು ಹಾಕಿದರು. ಇವತ್ತಿನ ಎಷ್ಟೋ ದುಬಾರಿ ಕಾರುಗಳಲ್ಲೂ ಬಟ್ಟೆಯ ಎಳೆಪಟ್ಟಿ ಇಡುತ್ತಾರೆ. ಎರಡು ಟನ್ ತೂಗುವ ಕಾರಿನಲ್ಲಿ ಅದರಿಂದ ಉಳಿಯುವುದು ಎಷ್ಟು? ಅದು ಎಫ್40ಯ ನೆನಪನ್ನು ಮಾರುವ ಪಟ್ಟಿ. ಕಾರಣ ಇರುವ ವಸ್ತುವಿಗೂ ಕಾರಣದ ವೇಷ ಹಾಕಿದ ವಸ್ತುವಿಗೂ ಇರುವ ಅಂತರ ಜನರಿಗೆ ಗೊತ್ತಾಗುತ್ತದೆ. ಎಂಜಿನಿಯರಿಂಗ್ ಓದದವರಿಗೂ ಗೊತ್ತಾಗುತ್ತದೆ. ಎಂಟು ವರ್ಷದ ಮಗು ಎಫ್40 ಚಿತ್ರದ ಮುಂದೆ ನಿಂತು ಬಾಯಿ ಬಿಟ್ಟು ನೋಡುವುದಕ್ಕೆ ಅದೇ ಕಾರಣ ಎಂದು ನಾನು ತಿಳಿದಿದ್ದೇನೆ.

ಅದರಲ್ಲಿ ಕಷ್ಟಗಳೂ ಇವೆ, ಮುಚ್ಚಿಡುವುದು ಬೇಡ. ಹಿಂದೆ ಏನೂ ಸರಿಯಾಗಿ ಕಾಣುವುದಿಲ್ಲ. ಸದ್ದು ಎಷ್ಟೆಂದರೆ ಪಕ್ಕದವರ ಜೊತೆ ಮಾತಾಡಲು ಕಿರುಚಬೇಕು. ಕ್ಲಚ್ ಭಾರ. ಸಾಮಾನು ಇಡಲು ಜಾಗ ಇಲ್ಲ ಅನ್ನುವಷ್ಟು ಕಮ್ಮಿ. ಒದ್ದೆ ರಸ್ತೆಯಲ್ಲಿ ಬೂಸ್ಟ್ ಬಂದರೆ ಅನುಭವಿಗಳಿಗೂ ಎದೆ ಝಲ್ ಎನ್ನುತ್ತದೆ. ಎನ್ಸೊ ತೀರಿಕೊಂಡ ಮೇಲೆ ಇನ್ನೊಂದು ಕೇಡು ಶುರುವಾಯಿತು. ಕಾರು ಓಡಿಸಲು ಕೊಳ್ಳದೆ, ಮಾರಿ ಲಾಭ ಮಾಡಲು ಕೊಳ್ಳುವವರು ಮುಗಿಬಿದ್ದರು. 1990ರ ಹೊತ್ತಿಗೆ ಬೆಲೆ ಕಂಪನಿಯ ಬೆಲೆಯ ಎಷ್ಟೋ ಪಟ್ಟು ಆಯಿತು, ಆಮೇಲೆ ಗುಳ್ಳೆ ಒಡೆದು ಕುಸಿಯಿತು. ಇವತ್ತು ಮತ್ತೆ ಆಕಾಶದಲ್ಲಿದೆ. ಹವಾನಿಯಂತ್ರಿತ ಗೋದಾಮಿನಲ್ಲಿ ಓಡದೆ ನಿಂತಿರುವ ಎಫ್40ಗಳ ಬಗ್ಗೆ ಕೇಳಿದಾಗ ನನಗೆ ಸಿಟ್ಟೇ ಬರುತ್ತದೆ. ಮತೆರಾತ್ಸಿ ಆ 81 ಸಿಸಿ ಹೆಚ್ಚಿಸಿದ್ದು ನಿಲ್ಲಿಸಿಡಲಿಕ್ಕೆ ಅಲ್ಲ.

ಆಮೇಲೆ ಪ್ರಶ್ನೆಗಳು ಬಂದವು. ಕೆಲವನ್ನು ಇಲ್ಲಿ ಕೊಡುತ್ತಿದ್ದೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: ಇವತ್ತು ಇಂಥ ಕಾರು ಮಾಡಲು ಯಾಕೆ ಆಗುವುದಿಲ್ಲ?

ಮಾಡಲು ಆಗುತ್ತದೆ, ಮಾರಲು ಆಗುವುದಿಲ್ಲ. ಹೊಗೆಯ ನಿಯಮ, ಸದ್ದಿನ ನಿಯಮ, ಡಿಕ್ಕಿ ಪರೀಕ್ಷೆ, ಏರ್‌ಬ್ಯಾಗ್, ಎಬಿಎಸ್ ಎಲ್ಲ ಕಡ್ಡಾಯ. ಅವು ಜೀವ ಉಳಿಸಿವೆ, ನನಗೆ ಅವುಗಳ ಬಗ್ಗೆ ತಕರಾರಿಲ್ಲ. ಎಫ್40ಯೇ ಅಮೆರಿಕಕ್ಕೆ ಹೋಗುವಾಗ ಅಲ್ಲಿನ ನಿಯಮಕ್ಕೆ ತಕ್ಕಂತೆ ತೂಕ ಹೆಚ್ಚಿಸಿಕೊಂಡಿತು. ಯುರೋಪಿನಲ್ಲೂ ನಂತರದ ಕಾರುಗಳಿಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಬಂತು. ಇನ್ನೊಂದು ವಿಷಯ. ಎಫ್40 ಆದ ಮೇಲೆ ಫೆರಾರಿ ರಸ್ತೆ ಕಾರುಗಳಲ್ಲಿ ಟರ್ಬೊವನ್ನೇ ಬಿಟ್ಟಿತು. ಮತ್ತೆ ಹಿಡಿದದ್ದು 2014ರಲ್ಲಿ, ಕ್ಯಾಲಿಫೋರ್ನಿಯಾ ಟಿ ಕಾರಿನಲ್ಲಿ. ಅಷ್ಟು ಹೊತ್ತಿಗೆ ಲ್ಯಾಗ್ ಹೆಚ್ಚುಕಡಿಮೆ ಇಲ್ಲವಾಗಿತ್ತು.

ಗ್ಯಾರೇಜ್ ನಡೆಸುವ ಹಿರಿಯರೊಬ್ಬರು ನಿರ್ವಹಣೆ ಬಗ್ಗೆ ಕೇಳಿದರು. ಎಂಜಿನ್ ಬಗ್ಗೆ ಹೆದರಬೇಕಿಲ್ಲ, ಬೆಲ್ಟ್ ಕಾಲಕಾಲಕ್ಕೆ ಬದಲಿಸಬೇಕು. ಆದರೆ ಪೆಟ್ರೋಲ್ ಟ್ಯಾಂಕ್ ಲೋಹದ್ದಲ್ಲ. ರೇಸ್ ಕಾರಿನ ಹಾಗೆ ಆಚೀಚೆ ಎರಡು ರಬ್ಬರ್ ಚೀಲ, ಒಟ್ಟು 120 ಲೀಟರ್. ರಬ್ಬರ್ ಹಳತಾಗುತ್ತದೆ. ಕಾರು ಓಡಲಿ ಬಿಡಲಿ, ಹತ್ತು ವರ್ಷಕ್ಕೊಮ್ಮೆ ಬದಲಿಸಬೇಕು, ಅದು ದುಬಾರಿ. ಬದಲಿಸದೆ ಬಿಟ್ಟರೆ ಬೆಂಕಿಯ ಅಪಾಯ. ಡಿಕ್ಕಿಯಾದಾಗ ಟ್ಯಾಂಕ್ ಸೀಳಬಾರದು ಎಂದು ರೇಸಿನಲ್ಲಿ ಕಂಡುಕೊಂಡ ಉಪಾಯ ಅದು. ಅದನ್ನೂ ಹಾಗೇ ರಸ್ತೆಗೆ ತಂದರು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: ಹಾಗಾದರೆ ಅದು ಒಂದು ರೇಸೂ ಓಡಲೇ ಇಲ್ಲವಾ ಸಾರ್?

ಓಡಿತು! ಇಟಲಿಯ ಪಾದೋವಾದಲ್ಲಿ ಮಿಕೆಲೊತ್ತೊ ಎಂಬ ಸಂಸ್ಥೆ ಎಫ್40 ಎಲ್‌ಎಂ ಎಂಬ ರೇಸ್ ರೂಪ ಕಟ್ಟಿತು. 1989ರಲ್ಲಿ ಅಮೆರಿಕದ ಲಗೂನಾ ಸೆಕಾದಲ್ಲಿ ಅದು ಮೊದಲ ಬಾರಿ ಇಳಿದಾಗ ಜಾನ್ ಅಲೆಸಿ ಓಡಿಸಿ ಮೂರನೇ ಸ್ಥಾನ ಪಡೆದರು. ಆದರೆ ನಿಜವಾದ ಅವಕಾಶ ಬಂದದ್ದು ಅದಕ್ಕೂ ಐದು ವರ್ಷದ ಮೇಲೆ, ಕಾರ್ಖಾನೆಯಲ್ಲಿ ಎಫ್40 ತಯಾರಿಕೆ ನಿಂತ ನಂತರ. 1994ರಲ್ಲಿ ಯುರೋಪಿನಲ್ಲಿ ಬಿಪಿಆರ್ ಎಂಬ ಸರಣಿ ಶುರುವಾಯಿತು. ರಸ್ತೆಯಲ್ಲಿ ಓಡುವ ಸೂಪರ್‌ಕಾರುಗಳ ನಾಲ್ಕು ಗಂಟೆಯ ರೇಸು. ಖಾಸಗಿ ತಂಡಗಳು ಎಫ್40ಗಳನ್ನು ತಂದವು. ರೋಮ್ ಹತ್ತಿರದ ವಲ್ಲೆಲುಂಗಾದಲ್ಲಿ ಅದೇ ವರ್ಷ ಎಫ್40 ಗೆದ್ದಿತು. 1995ರಲ್ಲಿ ಮೆಕ್‌ಲಾರೆನ್ ಎಫ್1 ಬಂತು. ಅದು ತುಂಬಾ ಹೊಸ, ತುಂಬಾ ಬಲವಾದ ಕಾರು. ಆ ವರ್ಷ ಫ್ರಾನ್ಸಿನ ಲೆ ಮಾನ್ 24 ಗಂಟೆಯ ರೇಸನ್ನೇ ಗೆದ್ದಿತು. ಅಂಥ ಮೆಕ್‌ಲಾರೆನ್‌ಗಳ ಗುಂಪನ್ನು ಹಿಂದೆ ಹಾಕಿ ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ಎಫ್40 ಗೆದ್ದಿತು. 1996ರಲ್ಲಿ ಅದೇ ಟ್ರ್ಯಾಕಿನಲ್ಲಿ ಇನ್ನೊಮ್ಮೆ ಗೆದ್ದಿತು. ಎಂಜಿನಿನ ಮೂಲ ವಿನ್ಯಾಸ ಆಗ ಹನ್ನೆರಡು ವರ್ಷ ಹಳೆಯದು.